ರಾಜೀನಾಮೆ ಕೊಡುವ ಮೊದಲು, ಸಾಮು

ಬೆಟಗೇರಿ

ಪ್ರೀತಿಯ ಸಾಮು,

ಕರ್ತನ ಕೃಪೆಯಿಂದ ನಾವೆಲ್ಲ ಕ್ಷೇಮ. ಬೆಂಗಳೂರಿನ ಕೆಲಸ ಬಿಟ್ಟು ಸಭೆಯ ಸೇವೆಗೆ ಇಳಿಯುತ್ತೇನೆ ಅಂತ ನೀನು ಬರೆದದ್ದು ಓದಿ ನಿಮ್ಮ ದೊಡ್ಡಪ್ಪ ಕಣ್ಣೊರೆಸಿಕೊಂಡರು. ನಾನು ಮಾತ್ರ ಕೊನೆಯ ಸಾಲನ್ನು ಎರಡು ಸಲ ಓದಿದೆ. "ಸ್ವಲ್ಪ ಸಾಲ ಇದೆ, ದೇವರು ನೋಡಿಕೊಳ್ಳುತ್ತಾನೆ. ರೂತಳಿಗೆ ಇನ್ನೂ ಹೇಳಿಲ್ಲ." ಹೆಂಡತಿಗೆ ಹೇಳದ ಸಾಲದ ಈ ಮಾತು ನನಗೆ ಹೊಸದಲ್ಲಪ್ಪ.

ದೊಡ್ಡಪ್ಪ ಇದೇ ಸೇವೆಗೆ ಅಂತ ಮಾಸ್ತರಿಕೆ ಬಿಟ್ಟದ್ದು 1998ರಲ್ಲಿ. ಮೂರು ವರ್ಷದ ಮೇಲೆ ಪ್ರಾರ್ಥನಾ ಮಂದಿರಕ್ಕೆ ತಗಡು ಹೊದಿಸಲು ಒಂದು ಲಕ್ಷ ತಂದರು. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ. ಮೂರೇ ಅಲ್ವಾ ಅನ್ನಿಸುತ್ತದೆ. ತಿಂಗಳಿಗೆ 3,000, ವರ್ಷಕ್ಕೆ 36,000! ಭಾನುವಾರದ ಕಾಣಿಕೆ ಏಳೆಂಟುನೂರು ಬಂದರೆ ಹೆಚ್ಚು. ದೇವರಿಗೆ ಅಂತ ಜನ ಹಾಕಿದ್ದು ಹೆಚ್ಚುಕಮ್ಮಿ ಪೂರ್ತಿ ಬಡ್ಡಿಯವನ ಕೈಗೆ ಹೋಗುತ್ತಿತ್ತು. ಮೂರು ವರ್ಷದಲ್ಲಿ 1,08,000 ಕಟ್ಟಿದ ಮೇಲೂ ಅಸಲು ಹಾಗೇ ಕೂತಿತ್ತು. ಮನೆ ನಡೆಸಲು ಇನ್ನೊಂದು ಸಾಲ, ಅದರ ಬಡ್ಡಿಗೆ ಮತ್ತೊಂದು.

ನನ್ನ ಬಳೆ ಗಿರವಿಗೆ ಹೋದದ್ದು ನನಗೆ ಗೊತ್ತಿತ್ತು. ಅದರಾಚೆಗೂ ಸಾಲ ಇದೆ ಅಂತ ತಿಳಿದದ್ದು 2006ರಲ್ಲಿ, ಆರಾಧನೆ ನಡೆಯುವಾಗಲೇ ಒಬ್ಬ ಬಾಗಿಲಿಗೆ ಬಂದು ನಿಂತಾಗ. ಸಾಲಕ್ಕಿಂತ, ಇಷ್ಟು ವರ್ಷ ಪಕ್ಕದಲ್ಲೇ ಮೊಣಕಾಲೂರಿ ಪ್ರಾರ್ಥಿಸಿದವರು ಒಂದು ಮಾತು ಹೇಳಲಿಲ್ಲವಲ್ಲ ಅಂತ ನನಗೆ ಸಿಟ್ಟು.

ಸಭೆಯಲ್ಲಿ ಒಬ್ಬ ಹಿರಿಯರಿದ್ದರು, ಸಹಕಾರಿ ಸಂಘದಲ್ಲಿ ಗುಮಾಸ್ತರಾಗಿದ್ದವರು. ಅವರು ದುಡ್ಡು ಕೊಡಲಿಲ್ಲ, ಹಾಳೆ ತಗೊಂಡು ಕೂತರು. ಯಾರಿಗೆ, ಎಷ್ಟು, ಏನು ಬಡ್ಡಿ. ಬರೆಯಲು ಮೂರು ಸಂಜೆ ಹಿಡಿಯಿತು. ಪ್ರತಿ ಸಂಜೆ ದೊಡ್ಡಪ್ಪನಿಗೆ ಇನ್ನೊಂದು ಹೆಸರು ನೆನಪಾಗುತ್ತಿತ್ತು! ಒಟ್ಟು ಏಳು ಕಡೆ, 4,60,000. "ಕಣಗಿನಹಾಳದಲ್ಲಿ ಸಿದ್ದನಗೌಡರು 1905ರಲ್ಲೇ ಸಾಲ ಕೊಡೋ ಸಹಕಾರಿ ಪತ್ತಿನ ಸಂಘ ಕಟ್ಟಿದರು. ನೂರು ವರ್ಷ ಆದಮೇಲೆ ಅದೇ ಗದಗ ಸೀಮೆಯಲ್ಲಿ ಕೂತು ನೀವು ಮೂರು ರೂಪಾಯಿಗೆ ತರ್ತೀರಲ್ಲ ಅಯ್ಯನವರೇ" ಅಂತ ಚೆನ್ನಾಗಿ ಬೈದರು.

ಸೈಟು ಮಾರಿದೆವು. ದೊಡ್ಡಪ್ಪ ಮತ್ತೆ ಶಾಲೆಗೆ ಹೋದರು, ಸೇವೆ ಸಂಜೆಗೂ ಭಾನುವಾರಕ್ಕೂ ಉಳಿಯಿತು. ನಾನು ಹೊಲಿಗೆ ಹಿಡಿದೆ. ಜಾಸ್ತಿ ಬಡ್ಡಿಯದನ್ನು ಮೊದಲು ತೀರಿಸುತ್ತ ಬಂದೆವು. ಕೊನೆಯದು ಮುಗಿದದ್ದು 2012ರಲ್ಲಿ.

ಆ ಹಿರಿಯರ ಹಾಳೆಯ ಕೆಲಸ ಈಗ ನಮ್ಮದು. ಗುರುವಾರ ಸಂಜೆ ಪಡಸಾಲೆ ತುಂಬ ಜನ. ಹೆಚ್ಚಿನವರು ನೇಕಾರರ ಮನೆಯ ಹೆಂಗಸರು, ವಾರದ ಕಂತಿನ ಕಾರ್ಡು ಹಿಡಿದು ಬರುತ್ತಾರೆ. ಚರ್ಚಿಗೆ ಬನ್ನಿ ಅಂತ ಯಾರಿಗೂ ಹೇಳುವುದಿಲ್ಲ. ಬಡವರಿಗೆ ಸಣ್ಣ ಸಾಲ ಕೊಡುವ ಮೈಕ್ರೋಫೈನಾನ್ಸಿನವರು ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ಮೇಲೆ ವಸೂಲಿಗೆ ಬರುವಂತಿಲ್ಲ, ಕಂತೆಲ್ಲ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟಬಾರದು. ರಿಸರ್ವ್ ಬ್ಯಾಂಕಿನ 2022ರ ನಿಯಮ ಇದು. ಇಷ್ಟು ಹೇಳಿದರೇ ಕೆಲವರ ಮುಖಕ್ಕೆ ಜೀವ ಬರುತ್ತದೆ. ಸಾಲಗಾರರನ್ನು ಪೀಡಿಸುವುದರ ವಿರುದ್ಧ ನಮ್ಮ ರಾಜ್ಯವೂ 2025ರಲ್ಲಿ ಕಾಯಿದೆ ತಂದಿದೆ. ನಾವು ಸಾಲ ಕೊಡುವುದಿಲ್ಲ, ಜಾಮೀನಿಗೆ ಸಹಿ ಹಾಕುವುದಿಲ್ಲ. ಒಮ್ಮೆ ಹಾಕಿ ಎಂಟು ತಿಂಗಳು ಬೇರೆಯವರ ಕಂತು ಕಟ್ಟಿದ್ದೇವೆ, ಅದು ಬೇರೆ ಕಥೆ.

ನಿನ್ನದು ಬ್ಯಾಂಕಿನ ಸಾಲ, ಕ್ರೆಡಿಟ್ ಕಾರ್ಡು, ನಮ್ಮ ಹಾಗಲ್ಲ ಅಂತೀಯೇನೋ. ಕಾರ್ಡಿನ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆ, ಕೆಲವು ಕಡೆ ಅದಕ್ಕೂ ಹೆಚ್ಚು ಬೀಳುತ್ತದೆ. ನಮ್ಮ ಬಡ್ಡಿಯವನೇ ವಾಸಿ, ಅಲ್ವಾ?

ಅದು ತೀರುವ ತನಕ ರಾಜೀನಾಮೆ ಕೊಡಬೇಡ. ದೇವರ ಕರೆ ಒಂದು ವರ್ಷ ಕಾಯುತ್ತದೆ ಅಂತ ನಾನು. ದೊಡ್ಡಪ್ಪ ಒಪ್ಪುವುದಿಲ್ಲ, "ಈಗಲೂ ನಾನು ಹೋಗೇ ಹೋಗ್ತಿದ್ದೆ" ಅಂತಾರೆ. ಅವರ ಮಾತು ಬಿಡು.

ರೂತಳಿಗೆ ಈ ವಾರವೇ ಹೇಳು. ಎಲ್ಲವನ್ನೂ ಒಂದೇ ಸಲ ಹೇಳು. ಆ ಏಳನೇ ಹೆಸರು ಮೂರನೇ ಸಂಜೆ ಹೊರಬಂತು ನೋಡು, ಆಮೇಲೆ ತುಂಬಾ ದಿನ ಎಂಟನೆಯದು ಎಲ್ಲಿ ಅಂತ ನಾನು ಅವರ ಅಂಗಿ ಜೇಬು ಹುಡುಕುತ್ತಿದ್ದೆ.

ಇಬ್ಬರೂ ಬನ್ನಿ. ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿದರೆ ಗದಗದಲ್ಲೇ ಇಳಿಯಬಹುದು. ರೊಟ್ಟಿ, ಎಣಗಾಯಿ ಮಾಡಿರ್ತೀನಿ. ಕಾರ್ಡಿನ ಸ್ಟೇಟ್‌ಮೆಂಟು ಮರೆಯದೆ ತಾ.

ನಿನ್ನ ದೊಡ್ಡವ್ವ