ರೈಟರ್ ಎಳೆದ 126 ಗೀಟುಗಳು

ಸೋಮವಾರ ಮೈಸೂರಿನಲ್ಲಿ ನನ್ನ ಹೆಂಡತಿಯ ಆರು ತಿಂಗಳ ಆಂಜಿಯೋಗ್ರಾಂ ಮುಗಿಯಿತು. ಮಿದುಳಿನ ರಕ್ತನಾಳದ ಗೋಡೆ ಸವೆದು ಎದ್ದಿದ್ದ ಉಬ್ಬಿನೊಳಕ್ಕೆ ರಕ್ತ ನುಗ್ಗುತ್ತಿಲ್ಲ. ಜುಲೈ ಮಳೆಯಲ್ಲಿ ಆ ಉಬ್ಬು ಒಡೆದದ್ದು ನಮ್ಮ ಸುಂಟಿಕೊಪ್ಪದಲ್ಲಿ ಗೊತ್ತಿಲ್ಲದವರಿಲ್ಲ, ಮತ್ತೆ ಬರೆಯುವುದಿಲ್ಲ.

ನೋಡಲು ಬಂದವರೆಲ್ಲ ಅವಳ ಜಡೆ ನೋಡಿ, "ತಲೆ ಬೋಳಿಸಲಿಲ್ಲವೇ?" ಎಂದೇ ಕೇಳಿದಿರಿ. ಎಲ್ಲರಿಗೂ ಸೇರಿಸಿ ಒಂದೇ ಉತ್ತರ: ತಲೆಬುರುಡೆ ತೆರೆದು ಉಬ್ಬಿನ ಬುಡಕ್ಕೆ ಟೈಟೇನಿಯಂ ಕ್ಲಿಪ್ ಹಾಕುವ ಪದ್ಧತಿ ಈಗಲೂ ಇದೆ, ಕೆಲವರಿಗೆ ಅದೇ ಸರಿ. ಇವಳಿಗೆ ತೊಡೆಸಂದಿನ ರಕ್ತನಾಳದಿಂದ ಸಪೂರ ನಳಿಕೆ ಏರಿಸಿ, ಉಬ್ಬಿನೊಳಗೆ ಪ್ಲಾಟಿನಂ ಸುರುಳಿ ತುಂಬಿದರು. "ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಪ್ಲಾಟಿನಂ ಕೊಡಿಸಿದಿರಿ, ಅದೂ ಯಾರ ಕಣ್ಣಿಗೂ ಬೀಳದ ಕಡೆ" ಎನ್ನುತ್ತಾಳೆ.

ವೈದ್ಯರಿಗೆ, ನರ್ಸ್‌ಗಳಿಗೆ, ರಕ್ತ ಕೊಟ್ಟ ಹುಡುಗರಿಗೆ, ನನ್ನ ತರಗತಿಗಳನ್ನು ಹಂಚಿಕೊಂಡ ಸಹೋದ್ಯೋಗಿಗಳಿಗೆ, ಹಸು ಕರುಗಳನ್ನು ನೋಡಿಕೊಂಡ ಅತ್ತಿಗೆಗೆ ಕೈಮುಗಿಯುತ್ತೇನೆ.

ಇನ್ನು ಪಕ್ಕದ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್. ಅವರಿಗೆ ಈ ಬರಹ ಇಷ್ಟವಾಗುವುದಿಲ್ಲ. ಆಗದಿರಲಿ.

ಆ ರಾತ್ರಿ ಜೀಪು ಅವರದು. ಆನೆಕಾಡಿನಲ್ಲಿ ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಹಿಂದಿನ ಸೀಟಿನಡಿಯಿಂದ ಮರ ಕೊಯ್ಯುವ ಯಂತ್ರ ತೆಗೆದು, ಹೆಡ್‌ಲೈಟ್ ಬೆಳಕಿನಲ್ಲಿ ನೆನೆಯುತ್ತಲೇ ಕೊಯ್ದರು. ಅವಳ ತಲೆ ನನ್ನ ತೊಡೆಯ ಮೇಲಿತ್ತು. ಸಂಜೆ ಅವಳು ತಲೆ ಒಡೆಯುತ್ತಿದೆ ಎಂದಾಗ, ಅಮೃತಾಂಜನ ಹಚ್ಚಿಕೊಂಡು ಮಲಗು ಎಂದವನು ನಾನು. ಪತ್ರಿಕೆಯಿಂದ ಕಣ್ಣು ಕೂಡ ಎತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಕ್ಲಿಪ್ಪೋ ಸುರುಳಿಯೋ ಎಂದು ರುಜು ಹಾಕಬೇಕಾದಾಗ ನನ್ನ ಕಿವಿಗೆ ಒಂದಕ್ಷರವೂ ಇಳಿಯಲಿಲ್ಲ. ವೈದ್ಯರಿಂದ ಮೂರು ಸಲ ಹೇಳಿಸಿದವರು ರೈಟರ್. ಎರಡೂ ವಿಧಾನ ಒಗ್ಗುವ, ಒಡೆದ ಉಬ್ಬಿನ 2,143 ರೋಗಿಗಳನ್ನು ಹೋಲಿಸಿದ ಅಧ್ಯಯನ 2002ರಲ್ಲೇ ಬಂದಿದೆ, ಒಂದು ವರ್ಷದ ನಂತರ ಸುರುಳಿಯವರೇ ಹೆಚ್ಚು ಚೇತರಿಸಿಕೊಂಡಿದ್ದರು ಎಂದರು ವೈದ್ಯರು. ಆದರೆ ಸುರುಳಿ ತುಂಬಿದ ಉಬ್ಬು ಮತ್ತೆ ಬಾಯಿ ಬಿಡಬಹುದು, ಆಗಾಗ ಪರೀಕ್ಷಿಸುತ್ತಿರಬೇಕು ಎಂಬುದನ್ನೂ ಮುಚ್ಚಿಡಲಿಲ್ಲ. ರೈಟರ್ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಸ್ಪ್ರಿಂಕ್ಲರ್ ಪೈಪು ಸವೆದು ಉಬ್ಬಿದೆ ಅಂದುಕೊಳ್ಳಿ. ಹೊರಗಿನಿಂದ ಕಟ್ಟು ಹಾಕುವುದು ಒಂದು, ಒಳಗಿನಿಂದ ಹೋಗಿ ತುಂಬುವುದು ಇನ್ನೊಂದು" ಎಂದರು. ಆಗ ಅರ್ಥವಾಯಿತು. ರುಜು ಹಾಕಿದೆ.

ಸುರುಳಿ ತುಂಬಿದ ಮೇಲೆ ಗೆದ್ದೆವು ಎಂದುಕೊಂಡಿದ್ದೆ. ಹೊರಚೆಲ್ಲಿದ ರಕ್ತಕ್ಕೆ ಮಿದುಳಿನ ನಾಳಗಳು ಸೆಟೆದುಕೊಳ್ಳುತ್ತವೆ, ನಾಲ್ಕನೆಯ ದಿನದಿಂದ ಎರಡು ವಾರದವರೆಗೂ ಭಯವೇ ಎಂದಿದ್ದರು. ಎಂಟನೆಯ ರಾತ್ರಿ ಅವಳ ಬಲಗೈ ಬಿದ್ದುಹೋಯಿತು, ಮಾತು ತೊದಲಿತು. ನಾನು ಚಹಾ ತರುತ್ತೇನೆಂದು ಹೊರಟವನು ಬಸ್ ನಿಲ್ದಾಣದ ಬೆಂಚಿನಲ್ಲಿ ಬೆಳಗಿನವರೆಗೆ ಕುಳಿತಿದ್ದೆ. ಮಡಿಕೇರಿ ಬಸ್ಸುಗಳು ಬಂದವು, ಹೋದವು. ಇದನ್ನು ಅವಳಿಗೂ ಹೇಳಿರಲಿಲ್ಲ.

ಹಿಂದಿರುಗಿದಾಗ ರೈಟರ್ ಐಸಿಯು ಬಾಗಿಲಿನೆದುರು ನಿಂತೇ ಇದ್ದರು. ಎಲ್ಲಿ ಹೋಗಿದ್ದಿರಿ ಎಂದು ಕೇಳಲಿಲ್ಲ. "ಸೆಟೆದ ನಾಳಗಳಲ್ಲಿ ರಕ್ತ ಹರಿಯಲೆಂದು ರಕ್ತದೊತ್ತಡ ಏರಿಸಿದ್ದಾರೆ. ನಾಲ್ಕು ಗಂಟೆಗೆ ಬೆರಳು ಆಡಿಸಿದರಂತೆ" ಎಂದಷ್ಟೇ ಹೇಳಿ ಪುಸ್ತಕ ತೆರೆದು ಒಂದು ಗೀಟು ಎಳೆದರು.

ಅದು ತೋಟದ ಚೆಕ್‌ರೋಲ್ ಪುಸ್ತಕ. ಆಳುಗಳ ಹಾಜರಿ ಬರೆಯುವ ಚೌಕಗಳಲ್ಲಿ ನಾಳಗಳ ಸೆಟೆತದ ಹಾನಿಯಿಂದ ಮಿದುಳನ್ನು ಕಾಯಲು ಕೊಡುವ ನಿಮೋಡಿಪಿನ್ ಮಾತ್ರೆಯ ಲೆಕ್ಕ: ನಾಲ್ಕು ಗಂಟೆಗೊಮ್ಮೆ, 21 ದಿನ, 126 ಗೀಟು. ನರ್ಸ್‌ಗಳ ದಾಖಲೆ ಬೇರೆಯೇ ಇತ್ತು. ಆದರೂ ಪ್ರತಿ ಸಲ ಕೇಳಿಕೊಂಡೇ ಎಳೆಯುತ್ತಿದ್ದರು. ಹೆಸರಿನ ಕಡೆ "ಅಕ್ಕ" ಎಂದಿದೆ. ಒಂದು ದಿನವೂ ಗೈರುಹಾಜರಿ ಇಲ್ಲ.

ಪುಸ್ತಕ ನಮ್ಮ ಮನೆಯಲ್ಲೇ ಉಳಿದಿತ್ತು. ನಿನ್ನೆ ಬಂದು, ರೊಬಸ್ಟಾ ಕೊಯ್ಲು ಶುರುವಾಗಿದೆ, ಉಳಿದ ಹಾಳೆಗಳು ಬೇಕು ಎಂದರು. ಅವಳು ಆ ಒಂದು ಹಾಳೆಯನ್ನು ಬಲಗೈಯಲ್ಲೇ ಹರಿದಿಟ್ಟುಕೊಂಡು ಪುಸ್ತಕ ಕೊಟ್ಟಳು.