ಮನೆಯ ಎಂಟು ಸ್ಪೀಕರ್‌ಗಳಿಗೆ ಹೊಂದದ ಆಂಪ್ಲಿಫೈಯರ್ ಕೊಟ್ಟಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ಆಡಿಯೊ ಮಾರಾಟ ಮತ್ತು ಅಳವಡಿಕೆ ವಿಭಾಗ, ಮೈಸೂರು

ಮಾನ್ಯರೇ,

ನಮ್ಮ ಹೊಸ ಮನೆಗೆ ಎಂಟು ಸೀಲಿಂಗ್ ಸ್ಪೀಕರ್ ಮತ್ತು ಸ್ಟೀರಿಯೊ ಆಂಪ್ಲಿಫೈಯರ್ ಎರಡನ್ನೂ ನಿಮ್ಮ ಅಂಗಡಿಯಲ್ಲೇ ತೆಗೆದುಕೊಂಡೆವು. ವೈರಿಂಗ್ ಮಾಡಿದ್ದೂ ನಿಮ್ಮವರೇ. ಹಾಲ್, ಅಡುಗೆಮನೆ, ದೇವರಮನೆ, ಅಮ್ಮನ ಕೋಣೆ, ಎಲ್ಲ ಕಡೆ ಸಣ್ಣ ದನಿಯಲ್ಲಿ ಹಾಡು ಕೇಳಬೇಕು, ಬೇಡದ ಕೋಣೆಯಲ್ಲಿ ಮಾತ್ರ ಕಡಿಮೆ ಮಾಡುವಂತಿರಬೇಕು ಎಂದು ಮೊದಲೇ ಹೇಳಿದ್ದೆವು. ಈಗ ಬೆಳಿಗ್ಗೆ ಅಮ್ಮ ಸುಪ್ರಭಾತ ಹಾಕಿದ ಸ್ವಲ್ಪ ಹೊತ್ತಿಗೆಲ್ಲ ಆಂಪ್ ಬಿಸಿಯಾಗಿ, ಅಪಾಯ ಕಂಡಾಗ ಆಂಪ್ ತಾನೇ ಸದ್ದು ನಿಲ್ಲಿಸಿದೆ ಎಂದು ತೋರಿಸುವ ಪ್ರೊಟೆಕ್ಷನ್ ದೀಪ ಹತ್ತಿ, ಮನೆಯಿಡೀ ಸದ್ದು ನಿಂತುಹೋಗುತ್ತದೆ.

ನಿಮ್ಮ ಟೆಕ್ನಿಷಿಯನ್ ಬಂದಾಗೆಲ್ಲ ಆಫ್ ಮಾಡಿ ಆನ್ ಮಾಡುತ್ತಾರೆ. ವೋಲ್ಟೇಜ್ ಏರಿಳಿತ ಇದೆ, ಸ್ಟೆಬಿಲೈಸರ್ ಹಾಕಿಸಿ ಎನ್ನುತ್ತಾರೆ. ಇದನ್ನು ನಾನು ಒಪ್ಪುವುದಿಲ್ಲ. ಹಾಲ್‌ನ ಎರಡು ಸ್ಪೀಕರ್ ಮಾತ್ರ ಇಟ್ಟುಕೊಂಡು ಉಳಿದವುಗಳ ವೈರ್ ಬಿಚ್ಚಿದರೆ ಅದೇ ಆಂಪ್, ಅದೇ ಕರೆಂಟಿನಲ್ಲಿ, ದಿನವಿಡೀ ಓಡುತ್ತದೆ. ಹಾಗಾದರೆ ತೊಂದರೆ ಮನೆಯ ಕರೆಂಟಿನದಲ್ಲ, ಲೋಡಿನದು, ಅಂದರೆ ಆಂಪ್ ಮೇಲೆ ಸ್ಪೀಕರ್‌ಗಳು ಹಾಕುವ ಹೊರೆಯದು.

ಲೆಕ್ಕ ನೋಡಿ. ಓಮ್ ಎಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಅದು ಕಡಿಮೆಯಾದಷ್ಟೂ ಆಂಪ್ ಹೆಚ್ಚು ಕರೆಂಟ್ ಕೊಡಬೇಕು. ಒಂದೊಂದು ಸ್ಪೀಕರೂ 8 ಓಮ್. ಆಂಪ್‌ನಿಂದ ಸದ್ದು ಹೊರಬರುವ ದಾರಿಗಳು, ಅಂದರೆ ಚಾನೆಲ್‌ಗಳು, ಎರಡೇ. ಎಡ ಚಾನೆಲ್‌ಗೆ ನಾಲ್ಕು, ಬಲ ಚಾನೆಲ್‌ಗೆ ನಾಲ್ಕನ್ನು ಪ್ಯಾರಲಲ್ ಆಗಿ, ಅಂದರೆ ಪ್ರತಿಯೊಂದನ್ನೂ ನೇರವಾಗಿ ಅದೇ ಚಾನೆಲ್‌ಗೆ, ಸೇರಿಸಿದ್ದೀರಿ. ಅಲ್ಲಿಗೆ ಪ್ರತಿ ಚಾನೆಲ್ ಮೇಲೆ ಬೀಳುವುದು 2 ಓಮ್. ಆಂಪ್‌ನ ಹಿಂಭಾಗದಲ್ಲೇ 4 ಓಮ್‌ಗಿಂತ ಕಡಿಮೆ ಬೇಡ ಎಂದು ಅಚ್ಚಾಗಿದೆ. ಒಂದೇ ಸ್ಪೀಕರ್ ಇದ್ದಾಗ ಹರಿಯುವ ಕರೆಂಟಿನ ನಾಲ್ಕು ಪಟ್ಟು ಅದು ಕೊಡಬೇಕಾಗುತ್ತದೆ. ಬಿಸಿಯಾಗದೆ ಇನ್ನೇನಾದೀತು? ಇದು ಎಸ್ಸೆಸ್ಸೆಲ್ಸಿ ಮಕ್ಕಳು ಮಾಡುವ ಲೆಕ್ಕ. ಮಾರುವಾಗ ನಿಮ್ಮವರು ಹೇಳಿದ್ದು "ವಾಟ್ಸ್ ಜಾಸ್ತಿ ಇದೆ ಸರ್, ಎಷ್ಟು ಸ್ಪೀಕರ್ ಬೇಕಾದರೂ ಎಳೆಯುತ್ತದೆ" ಎಂದು ಮಾತ್ರ. ಓಮ್ ಬಗ್ಗೆ ಒಂದು ಮಾತೂ ಬರಲಿಲ್ಲ. ನಮಗೆ ಜಾಸ್ತಿ ವಾಟ್ಸ್ ಬೇಕಾಗಿಯೇ ಇರಲಿಲ್ಲ, ಜಾಸ್ತಿ ಚಾನೆಲ್ ಬೇಕಿತ್ತು.

ಕಳೆದ ಸಲ ಬಂದವರು ಎರಡೆರಡು ಸ್ಪೀಕರನ್ನು ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ, ಹಾಕಿಕೊಡುತ್ತೇನೆ ಎಂದರು. ಆಗ ಓಮ್ ಸರಿಹೋಗುತ್ತದೆ, ನಿಜ. ಆದರೆ ಅಡುಗೆಮನೆಯ ನಾಬ್ ತಿರುಗಿಸಿದರೆ ಅದರ ಜೊತೆಗಿರುವ ಕೋಣೆಯ ದನಿಯೂ ಬದಲಾಗುತ್ತದಲ್ವಾ? ಇನ್ನು ಅಂಗಡಿ, ಶಾಲೆಗಳಲ್ಲಿ ಒಂದೇ ಆಂಪ್‌ಗೆ ತುಂಬ ಸ್ಪೀಕರ್ ಸೇರಿಸಲು ಹಾಕುವ 100 ವೋಲ್ಟ್ ಲೈನ್ ಬೇಕೆಂದರೆ ಒಂದೊಂದು ಸ್ಪೀಕರಿಗೂ ಟ್ರಾನ್ಸ್‌ಫಾರ್ಮರ್ ಕೂರಿಸಬೇಕು. ಈಗಷ್ಟೇ ಪೇಂಟ್ ಆದ ಸೀಲಿಂಗನ್ನು ಮತ್ತೆ ಬಿಚ್ಚಲು ನಾವು ಸಿದ್ಧರಿಲ್ಲ.

ಈ ಆಂಪ್ ವಾಪಸ್ ತೆಗೆದುಕೊಂಡು ಎಂಟು ಚಾನೆಲ್‌ನ ಆಂಪ್ಲಿಫೈಯರ್ ಕೊಡಿ. ಪ್ರತಿ ಸ್ಪೀಕರಿನ ವೈರೂ ಆಂಪ್ ಇರುವ ಜಾಗದವರೆಗೆ ಬೇರೆ ಬೇರೆಯಾಗಿಯೇ ಬಂದಿದೆ, ಗೋಡೆ ಒಡೆಯುವ ಕೆಲಸವಿಲ್ಲ. ಬೆಲೆಯಲ್ಲಿ ನ್ಯಾಯವಾದ ವ್ಯತ್ಯಾಸ ಇದ್ದರೆ ಕೊಡುತ್ತೇನೆ. ಅಳವಡಿಕೆಗೆ ಮತ್ತೆ ಹಣ ಕೊಡುವುದಿಲ್ಲ. ಆಂಪ್ ಮೇಲೆ ಇಷ್ಟು ಒತ್ತಡ ಬಿದ್ದಾಗ ದನಿ ಒಡೆದು ಕೇಳುತ್ತಿತ್ತು. ಆದ್ದರಿಂದ ಸ್ಪೀಕರ್‌ಗಳಲ್ಲಿ ಕೀರಲು ಸ್ವರ ನುಡಿಸುವ ಸಣ್ಣ ಭಾಗಗಳಾದ ಟ್ವೀಟರ್‌ಗಳಿಗೂ ಪೆಟ್ಟಾಗಿದೆಯೇ ಎಂದು ಪರೀಕ್ಷಿಸಿ, ಅದನ್ನು ಬರೆದು ಕೊಡಿ.

ಹದಿನೈದು ದಿನದೊಳಗೆ ಲಿಖಿತ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ. ಅಲ್ಲೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇನೆ. ಬಿಲ್, ವಾರಂಟಿ ಕಾರ್ಡ್ ಮತ್ತು ಆಂಪ್‌ನ ಹಿಂಭಾಗದ ಫೋಟೊ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ನಿಮ್ಮ ಗ್ರಾಹಕ