ಕಲ್ಲು ನೆಡೋ ಮುಂಚೆ ಪೌತಿ ಖಾತೆ ಮಾಡ್ಕೊಡಿ

ಸಂಪಾದಕರಿಗೆ ನಮಸ್ಕಾರ,

ಹೈವೇಗೆ ಜಮೀನು ಹೋದೋರ ಕಷ್ಟ ಅಂದ್ರೆ ರೇಟ್ ಕಮ್ಮಿ ಸಿಕ್ತು ಅನ್ನೋದೊಂದೇ ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಮಾರ್ಕೆಟ್ ಬೆಲೆ ಮೇಲೆ ಅಷ್ಟೇ ಮೊತ್ತದ ಸೊಲೇಷಿಯಂ, ಅಂದ್ರೆ ಬಲವಂತವಾಗಿ ಜಮೀನು ತಗೊಳ್ಳೋದಕ್ಕೆ ಕೊಡೋ ಹೆಚ್ಚುವರಿ ದುಡ್ಡು, ಸೇರಿಸಿ ಕೊಡ್ಬೇಕು, 2015ರಿಂದ ರಾಷ್ಟ್ರೀಯ ಹೆದ್ದಾರಿಗೂ ಇದೇ ಲೆಕ್ಕ. ಆದ್ರೆ ಆ ದುಡ್ಡು ಕೈಗೆ ಬಂದ್ರೆ ತಾನೇ?

ನಮ್ಮನೆ ವಿಷಯನೇ ಹೇಳ್ತೀನಿ. ಪಹಣಿ ಇನ್ನೂ ತೀರ್ಕೊಂಡ ತಾತನ ಹೆಸರಲ್ಲೇ ಇತ್ತು, ಪೌತಿ ಖಾತೆ (ತೀರ್ಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು) ಆಗಿರ್ಲಿಲ್ಲ, ಪೋಡಿ (ಅಳತೆ ಮಾಡಿ ಪಾಲು ಬೇರೆ ಮಾಡೋದು) ಕೂಡ ಆಗಿರ್ಲಿಲ್ಲ, ಅಪ್ಪ ಮತ್ತೆ ಇಬ್ಬರು ಚಿಕ್ಕಪ್ಪಂದಿರು 30 ವರ್ಷದಿಂದ ಬಾಯಿಮಾತಲ್ಲೇ ಭಾಗ ಮಾಡ್ಕೊಂಡು ಬೇಸಾಯ ಮಾಡ್ತಿದ್ರು, ಒಂದಿನನೂ ಜಗಳ ಆಗಿರ್ಲಿಲ್ಲ. ರೋಡು ಬಂದಿದ್ದು ಅಪ್ಪನ ಪಾಲಿನ ತೆಂಗಿನ ತೋಟದ ಮೇಲೆ, ದುಡ್ಡಲ್ಲಿ ಪಾಲು ಮಾತ್ರ ತಾತನ ವಾರಸುದಾರರಿಗೆಲ್ಲ. ಅತ್ತೆ ಮಕ್ಕಳೂ ತಕರಾರು ಅರ್ಜಿ ಹಾಕಿದ್ರು, ಅವ್ರದ್ದು ತಪ್ಪು ಅನ್ನಲ್ಲ, ಹೆಣ್ಮಕ್ಕಳಿಗೂ ಹಕ್ಕಿದೆ. ಕೊನೆಗೆ ಪರಿಹಾರ ಕೋರ್ಟಿಗೆ ಹೋಗಿ ಕೂತಿದೆ, ತೋಟ ಇದ್ದ ಜಾಗದಲ್ಲಿ ಲಾರಿ ಓಡಾಡ್ತಿವೆ, ಅಣ್ಣ ತಮ್ಮಂದಿರು ಮಾತು ಬಿಟ್ಟಿದ್ದಾರೆ. ಹಬ್ಬಕ್ಕೂ ಒಬ್ರ ಮನೆಗೊಬ್ರು ಹೋಗಲ್ಲ.

1956ರ ಹೆದ್ದಾರಿ ಕಾಯ್ದೇಲಿ ಜಮೀನು ತಗೊಳ್ತೀವಿ ಅಂತ ಹೇಳೋ 3ಎ ನೋಟಿಫಿಕೇಶನ್ ಆದ್ಮೇಲೆ ಆಕ್ಷೇಪಣೆಗೆ ಇರೋದು 21 ದಿನ. ಆಮೇಲೆ ತಗೊಂಡ್ವಿ ಅಂತ 3ಡಿ ಘೋಷಣೆ ಆಯ್ತು ಅಂದ್ರೆ ಜಮೀನು ಸರ್ಕಾರದ್ದು, ಪರಿಹಾರ ಎಷ್ಟು ಅಂತ ತೀರ್ಮಾನ ಮಾಡೋದು ಅದಾದ್ಮೇಲೆ. ನೋಟಿಫಿಕೇಶನ್‌ನ ಎರಡು ಪೇಪರಲ್ಲಿ ಹಾಕ್ಬೇಕು, ಒಂದು ಸ್ಥಳೀಯ ಭಾಷೇದು ಆಗಿರ್ಬೇಕು ಅಂತಿದೆ ನಿಜ, ನಿಮ್ಮ ಪೇಪರಲ್ಲೂ ಅಂಥವು ಬರ್ತಾವೆ, ಆದ್ರೆ ಇರುವೆ ಸಾಲಿನ ಥರ ಇರೋ ಆ ಸರ್ವೆ ನಂಬರ್‌ಗಳನ್ನ ಹೊಲದಲ್ಲಿರೋ ಮನುಷ್ಯ ಯಾವಾಗ ಓದ್ತಾನೆ? ನಮ್ಮಪ್ಪಂಗೆ ಗೊತ್ತಾಗಿದ್ದು ತೋಟದಲ್ಲಿ ರೋಡಿನ ಗಡಿ ಕಲ್ಲು ನೆಟ್ಟ ದಿನ.

ಬೆಂಗಳೂರು–ಮೈಸೂರು ಕಾರಿಡಾರ್ ರಸ್ತೆ ಯೋಜನೆ ಕೇಸ್ ನೋಡಿ. 2003ರಲ್ಲಿ ನೋಟಿಫಿಕೇಶನ್, 2005ರಲ್ಲಿ ಜಮೀನು ತಗೊಂಡ್ರು, ಪರಿಹಾರದ ಆದೇಶ ಆಗಿದ್ದು 2019ರಲ್ಲಿ, ಅದೂ 2011ರ ರೇಟಲ್ಲಿ. 2025ರ ಜನವರೀಲಿ ಸುಪ್ರೀಂ ಕೋರ್ಟ್ 2019ರ ಮಾರ್ಕೆಟ್ ಬೆಲೆ ಲೆಕ್ಕ ಹಾಕಿ ಕೊಡಿ ಅಂತು, ಆಸ್ತಿ ಹಕ್ಕು 300ಎ ವಿಧಿ ಪ್ರಕಾರ ಸಂವಿಧಾನದ ಹಕ್ಕು ಅಂತಾನೂ ಹೇಳ್ತು. ದಿಲ್ಲಿವರೆಗೂ ಹೋಗೋ ಶಕ್ತಿ ನಮ್ಮಂಥೋರಿಗೆ ಎಲ್ಲಿದೆ ಸ್ವಾಮಿ.

ರೋಡ್ ಬೇಡ ಅಂತಿಲ್ಲ ನಾವು. ಅಲೈನ್‌ಮೆಂಟ್, ಅಂದ್ರೆ ರೋಡು ಎಲ್ಲೆಲ್ಲಿ ಹೋಗುತ್ತೆ ಅನ್ನೋದು, ಫೈನಲ್ ಆದ ಕೂಡ್ಲೇ ತಹಶೀಲ್ದಾರ್, ಗ್ರಾಮ ಆಡಳಿತ ಅಧಿಕಾರಿ, ಸರ್ವೇಯರ್ ಮೂರೂ ಜನ ಊರಲ್ಲೇ ಒಂದು ವಾರ ಕೂತು ಪೌತಿ ಖಾತೆ, ಪೋಡಿ ಮುಗಿಸಿಕೊಡ್ಲಿ. ಸರ್ವೆ ನಂಬರ್ ಪಟ್ಟಿನ ಹಾಲಿನ ಡೈರಿ ಗೋಡೆಗೆ, ನ್ಯಾಯಬೆಲೆ ಅಂಗಡಿಗೆ ಅಂಟಿಸ್ಲಿ, ಗ್ರಾಮಸಭೇಲಿ ಜೋರಾಗಿ ಓದಿ ಹೇಳ್ಲಿ.

ಇನ್ನೂ ಕಲ್ಲು ಬೀಳದೇ ಇರೋ ಊರಿನೋರು ದಯವಿಟ್ಟು ಕಾಯ್ತಾ ಕೂರ್ಬೇಡಿ, ಅಣ್ಣ ತಮ್ಮ ಅಕ್ಕ ತಂಗಿ ಎಲ್ಲಾ ಚೆನ್ನಾಗಿರೋವಾಗ್ಲೇ ನಾಡಕಚೇರಿಗೆ ಹೋಗಿ ವಂಶವೃಕ್ಷ ಮಾಡಿಸ್ಕೊಳ್ಳಿ, ಪೌತಿ ಖಾತೆಗೆ ಅರ್ಜಿ ಹಾಕಿ.

ಇಂತಿ,
ಜಮೀನು ಕಳ್ಕೊಂಡ ರೈತನ ಮಗ
ತುಮಕೂರು ಜಿಲ್ಲೆ